ಗಾಡಿ ನೆಲಕ್ಕಿಳಿದ ಮೇಲೆ ಬಿಗಿಯಬೇಕು

ನಮ್ಮ ಪಿಕಪ್ ಗಾಡಿಯ ಟೈರ್ ಸವೆದಿದ್ದನ್ನು ಮೊದಲು ಕಂಡುಹಿಡಿದವರು ಅಪ್ಪ. ಕಣ್ಣಿಂದಲ್ಲ, ಅಂಗೈಯಿಂದ. ಮುಂದಿನ ಎಡ ಚಕ್ರದ ಮೇಲೆ ಹೊರಗಿಂದ ಒಳಕ್ಕೆ ಕೈ ಸವರಿದರು. ನುಣ್ಣಗಿತ್ತು. ಒಳಗಿಂದ ಹೊರಕ್ಕೆ ಎಳೆದರೆ ಗರಗಸದ ಹಲ್ಲಿನ ಹಾಗೆ ತಾಗಿತು. "ಇದರ ಕಾಲು ನೆಟ್ಟಗಿಲ್ಲ ಕಣೋ" ಅಂದರು.

ನಮ್ಮ ಮಾವಿನ ತೋಪು ಇರೋದು ಶ್ರೀನಿವಾಸಪುರದ ಹತ್ತಿರ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಕೆರೆಗಳು ಕೋಡಿ ಬಿದ್ದಾಗ ತೋಪಿನ ದಾರಿ ಕೊಚ್ಚಿಹೋಗಿ ಬರೀ ಕಲ್ಲು ಉಳಿಯಿತು. ನಮ್ಮ ಪಿಕಪ್ ಇಸುಜು ವಿ-ಕ್ರಾಸ್‌ನ ಹೊಟ್ಟೆ ಎರಡು ಸಲ ಕಲ್ಲಿಗೆ ಬಡಿಯಿತು. ಅದಕ್ಕೇ ಗಾಡಿಯನ್ನು ಎರಡು ಇಂಚು ಎತ್ತರ ಮಾಡಿಸಿದೆ. ಮುಂದೆ ಶಾಕ್ ಅಬ್ಸಾರ್ಬರ್‌ನ ತಲೆ ಮೇಲೆ ಒಂದೊಂದು ಸ್ಪೇಸರ್, ಅಂದರೆ ದಪ್ಪ ಬಿಲ್ಲೆ, ಕೂರಿಸಿದರು. ಸ್ಪೇಸರ್ ದಪ್ಪ ಇದ್ದದ್ದು ಒಂದೇ ಇಂಚು. ಚಕ್ರವನ್ನು ಚಾಸಿಗೆ ಹಿಡಿದಿರೋದು ಮೇಲೊಂದು, ಕೆಳಗೊಂದು ಆರ್ಮ್, ಅಂದರೆ ತೋಳು. ಶಾಕ್ ಅಬ್ಸಾರ್ಬರ್‌ಗೆ ಸುತ್ತಿದ ಸ್ಪ್ರಿಂಗ್ ಕೂರೋದು ಕೆಳಗಿನ ಆರ್ಮ್‌ನ ನಡುವೆ, ಚಕ್ರ ಇರೋದು ಅದರ ತುದಿಯಲ್ಲಿ. ಹಾಗಾಗಿ ಅಲ್ಲಿ ಒಂದು ಇಂಚು ಒತ್ತಿದರೆ ಇಲ್ಲಿ ಹೆಚ್ಚುಕಡಿಮೆ ಎರಡು ಇಂಚು ಏಳುತ್ತದೆ. ಆದರೆ ಮೇಲಿನ ಆರ್ಮ್ (ಅಪ್ಪರ್ ಆರ್ಮ್) ಹಳೆಯದೇ ಉಳಿಯಿತು. ಅದನ್ನೂ ಬದಲಿಸಬೇಕು ಅಂತ ಕೆಲಸ ಮಾಡಿದವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ತೋಪಿನೊಳಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಬೆಂಗಳೂರು ಹೆದ್ದಾರಿಯಲ್ಲಿ. ಎಂಬತ್ತು ದಾಟಿದರೆ ಗಾಡಿ ಅತ್ತಿತ್ತ ಹೋಗುತ್ತಿತ್ತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರುತ್ತಿರಲಿಲ್ಲ, ಕೈಯಲ್ಲೇ ತರಬೇಕು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ, ಟೋ, ಸರಿಹೋಯಿತು, ಕ್ಯಾಸ್ಟರ್ ಮಾತ್ರ ಒಂದು ಡಿಗ್ರಿ ದಾಟಲಿಲ್ಲ.

ಈ ಕ್ಯಾಸ್ಟರ್ ಅನ್ನೋದು ಸೈಕಲ್ ನೋಡಿದರೆ ಅರ್ಥ ಆಗುತ್ತದೆ. ಸೈಕಲ್‌ನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರೋದಿಲ್ಲ, ಮೇಲಿನ ತುದಿ ಸವಾರನ ಕಡೆ ವಾಲಿರುತ್ತದೆ. ಕೈ ಬಿಟ್ಟರೂ ಸೈಕಲ್ ನೇರ ಹೋಗೋದಕ್ಕೆ ಆ ವಾಲು ದೊಡ್ಡ ಆಸರೆ. ಪಿಕಪ್‌ನಲ್ಲಿ ಆ ವಾಲನ್ನು ಹಿಡಿದಿರೋದು ಮೇಲಿನ, ಕೆಳಗಿನ ಎರಡು ಬಾಲ್ ಜಾಯಿಂಟ್‌ಗಳು, ಅಂದರೆ ಆರ್ಮ್‌ನ ತುದಿಯಲ್ಲಿ ಎಲ್ಲ ಕಡೆ ತಿರುಗೋ ಗುಂಡು ಕೀಲುಗಳು. ಗಾಡಿ ಎತ್ತರ ಮಾಡಿದಾಗ ಆರ್ಮ್‌ಗಳು ಕೆಳಗೆ ಬಾಗಿ ಮೇಲಿನ ಜಾಯಿಂಟ್ ಜಾಗ ಬಿಟ್ಟು ಸರಿಯುತ್ತದೆ. ವಾಲು ಕಡಿಮೆಯಾಗುತ್ತದೆ. ಎತ್ತರ ಮಾಡಿದ ಗಾಡಿಗೆ ಅಂತಲೇ ಬರೋ ಹೊಸ ಅಪ್ಪರ್ ಆರ್ಮ್‌ನಲ್ಲಿ ಜಾಯಿಂಟನ್ನು ಸ್ವಲ್ಪ ಹಿಂದಕ್ಕೆ ಕೂರಿಸಿರುತ್ತಾರೆ, ಜಾಸ್ತಿ ಬಾಗೋದಕ್ಕೂ ಜಾಗ ಬಿಟ್ಟಿರುತ್ತಾರೆ.

ಅಂಥ ಆರ್ಮ್ ಆರಿಸೋಕೆ ನನಗೆ ಒಂದು ತಿಂಗಳು ಹಿಡಿಯಿತು. ಬಾಲ್ ಜಾಯಿಂಟ್ ಬದಲು ಯೂನಿಬಾಲ್ ಅನ್ನೋ ಗುಂಡು ಬೇರಿಂಗ್ ಇರೋ ಆರ್ಮ್ ನೋಡೋಕೆ ಚೆನ್ನಾಗಿತ್ತು, ಆದರೆ ಅದರ ಬೇರಿಂಗ್ ತೆರೆದೇ ಇರುತ್ತದೆ. ನಮ್ಮ ಕೆಂಪು ಧೂಳು, ಕೆಸರಿಗೆ ಅದು ಎಷ್ಟು ದಿನ ಬಾಳೀತು? ರಬ್ಬರ್ ಟೋಪಿ ಹಾಕಿ ಮುಚ್ಚಿದ ಬಾಲ್ ಜಾಯಿಂಟೇ ಇರಲಿ ಅಂದುಕೊಂಡೆ. ಆರ್ಮ್ ಚಾಸಿಗೆ ಸೇರೋ ಕಡೆ ಇರೋ ಮೆತ್ತೆ, ಬುಶ್, ಅದನ್ನೂ ರಬ್ಬರಿನದೇ ತಗೊಂಡೆ. ಪಾಲಿಯುರೆಥೇನ್ ಬುಶ್ ಗಟ್ಟಿ ನಿಜ, ಆದರೆ ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನೋಕೆ ಶುರು ಮಾಡುತ್ತದೆ.

ಕೋಲಾರದಲ್ಲಿ ನಾನು ನಂಬೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಭಾಯ್ ಅಂತಾರೆ. ಟೊಮೇಟೊ ಮಂಡಿಗೆ ಹೋಗೋ ಗಾಡಿಗಳ ಕೆಳಗೇ ಅರ್ಧ ಆಯಸ್ಸು ಕಳೆದವರು. ಭಾನುವಾರ ಬೆಳಗ್ಗೆ ಏಳಕ್ಕೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಚಕ್ರ ಬಿಚ್ಚುತ್ತಿದ್ದ ಹಾಗೇ ಭಾಯ್ ಟಾರ್ಚ್ ಹಿಡಿದು ಕರೆದರು. "ಇಲ್ಲಿ ನೋಡಣ್ಣಾ." ಸ್ಪ್ರಿಂಗ್‌ನ ಬಣ್ಣ ಒಂದು ಕಡೆ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ಚಕ್ರ ಪೂರ್ತಿ ಕೆಳಗಿಳಿದಾಗೆಲ್ಲ ಅಪ್ಪರ್ ಆರ್ಮ್ ಅಲ್ಲಿಗೆ ಹೋಗಿ ಬಡಿಯುತ್ತಿತ್ತು. ಬಾಲ್ ಜಾಯಿಂಟ್‌ನ ರಬ್ಬರ್ ಹರಿದು ಗ್ರೀಸ್ ಮಣ್ಣಾಗಿತ್ತು. ನಾನು ಆ ಗಾಡಿಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದಿದ್ದೆ. ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಭಾಯ್ ಮೊದಲು ಸ್ಟೀರಿಂಗ್ ನಕಲ್ ಅನ್ನು, ಅಂದರೆ ಎರಡು ಆರ್ಮ್‌ಗಳ ನಡುವೆ ಚಕ್ರ ಹೊತ್ತಿರೋ ಕಬ್ಬಿಣದ ಗೆಣ್ಣನ್ನು, ಹಗ್ಗದಿಂದ ಚಾಸಿಗೆ ಕಟ್ಟಿದರು. ಮೇಲಿನ ಜಾಯಿಂಟ್ ಬಿಟ್ಟ ಕೂಡಲೇ ಅದು ಹೊರಕ್ಕೆ ವಾಲುತ್ತದೆ. ಆಗ ಭಾರವೆಲ್ಲ ಬ್ರೇಕ್ ಹೋಸ್, ಎಬಿಎಸ್ ವೈರ್ ಮೇಲೆ ಬೀಳುತ್ತದೆ. ಜಾಯಿಂಟ್ ಬಿಡಿಸೋಕೆ ಪುಲ್ಲರ್ ಹಾಕಿ ಬಿಗಿದು, ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಏಟು ಕೊಟ್ಟರು. ಟಪ್ ಅಂತ ಬಿಟ್ಟುಕೊಂಡಿತು.

ಹೊಸ ಆರ್ಮ್ ಕೂರಿಸಿ ಬೋಲ್ಟ್ ಹಾಕಿದಾಗ ಲೆಕ್ಕ ಹಾಕಿದಷ್ಟೇ ಬಿಗಿಯೋ ಟಾರ್ಕ್ ರೆಂಚನ್ನು ನಾನು ತಗೊಂಡೆ. ಭಾಯ್ ಕೈ ಹಿಡಿದರು.

"ಈಗ ಬೇಡ. ಗಾಡಿ ನೆಲಕ್ಕಿಳಿಯಲಿ."

ಬುಶ್‌ನ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಚಿಪ್ಪಿಗೂ ಅಂಟಿಕೊಂಡಿರುತ್ತದೆ. ಅದು ತಿರುಗೋದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತು ಬಿದ್ದಾಗಲೇ ಬೋಲ್ಟ್ ಬಿಗಿದುಬಿಟ್ಟರೆ, ಗಾಡಿ ಇಳಿದ ಮೇಲೆ ರಬ್ಬರ್ ಸದಾ ತಿರುಚಿದ ಹಾಗೇ ಇರುತ್ತದೆ. ನಿಂತಾಗಲೂ, ಓಡುವಾಗಲೂ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಭಾಯ್ ಇದನ್ನು ತೋರಿಸೋಕೆ ಒಂದು ಒದ್ದೆ ಬಟ್ಟೆ ತಗೊಂಡು ಹಿಂಡಿ, ಹಾಗೇ ಹಿಡಿದು ನಿಂತರು. "ಇದನ್ನ ದಿನಾ ಹೀಗೇ ಇಟ್ಟರೆ ಏನಾಗುತ್ತೆ ಹೇಳು."

ಬಾಲ್ ಜಾಯಿಂಟ್ ನಟ್ ಮಾತ್ರ ಅಲ್ಲೇ ಬಿಗಿದು, ನಟ್ ಬಿಚ್ಚಿಕೊಳ್ಳದ ಹಾಗೆ ಸ್ಪ್ಲಿಟ್ ಪಿನ್ ಹಾಕಿದೆವು. ಚಕ್ರ ಹಾಕಿ, ಗಾಡಿ ಇಳಿಸಿ, ಬಂಪರ್ ಒತ್ತಿ ಒತ್ತಿ ಕುಲುಕಿ ಸರಿಯಾಗಿ ಕೂರಿಸಿದ ಮೇಲೆ ಭಾಯ್ ಕೆಳಗೆ ನುಸುಳಿ ಬುಶ್ ಬೋಲ್ಟ್‌ಗಳನ್ನು ಬಿಗಿದರು. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಆಯಿತು. ಬಲಗಡೆಯೂ ಇದೇ ಕಥೆ.

ಸಂಜೆ ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ ಎರಡೂ ಕಡೆ ಮೂರು ಡಿಗ್ರಿ ಹತ್ತಿರ ಬಂತು. ಮುಳಬಾಗಿಲು ಕಡೆ ಹೆದ್ದಾರಿಗೆ ಹೋದೆ. ತಿರುವಲ್ಲಿ ಕೈ ಸಡಿಲ ಮಾಡಿದೆ. ಸ್ಟೀರಿಂಗ್ ಬೆರಳ ಸಂದಿಯಲ್ಲಿ ಜಾರಿಕೊಂಡು ತಾನೇ ನಡುವಿಗೆ ಬಂತು. ಇನ್ನೊಂದು ತಿರುವಲ್ಲೂ ಅಷ್ಟೆ. ಸುಮ್ನೆ ಆ ಖುಷಿಗೇ ಮುಳಬಾಗಿಲಿನವರೆಗೂ ಹೋಗಿ ಬಂದೆ.

ಐನೂರು ಕಿಲೋಮೀಟರ್ ಆದ ಮೇಲೆ ಬಾ ಅಂತ ಭಾಯ್ ಹೇಳಿದ್ದರು. ಹೋದೆ. ರೆಂಚ್ ಇಟ್ಟು ಒಂದೊಂದೇ ಬೋಲ್ಟ್ ನೋಡಿದರು. ಎಡಗಡೆ ಹಿಂದಿನದು ಒಂದು ಸ್ವಲ್ಪ ತಿರುಗಿತು, ಮಿಕ್ಕವು ಅಲ್ಲಾಡಲಿಲ್ಲ. ಆ ಒಂದಕ್ಕೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು, "ಇದರ ಮೇಲೆ ಕಣ್ಣಿಡು" ಅಂದರು. ಈಗ ಪ್ರತಿ ಭಾನುವಾರ ಟಾರ್ಚ್ ಹಿಡಿದು ಆ ಗೆರೆ ನೋಡುತ್ತೇನೆ.