ಕೂಗುವ ಬೀಗ

ಮೇ ತಿಂಗಳಿಡೀ ಊರಿನಲ್ಲಿದ್ದು ನಿನ್ನೆ ಮುಂಬಯಿ ಬಳಿಯ ಡೊಂಬಿವಲಿಗೆ ಮರಳಿದಾಗ, ಬಾಗಿಲಿಗೆ ಹಾಕಿದ್ದ ಅಲಾರಂ ಬೀಗ ಹಾಗೆಯೇ ಇದ್ದುದನ್ನು ಕಂಡು ಮನಸ್ಸಿಗೆ ನೆಮ್ಮದಿಯಾಯಿತು. ಅದರ ಹೊಟ್ಟೆಯಲ್ಲಿ ಗುಂಡಿಯಂಥ ಸಣ್ಣ ಸೆಲ್‌ಗಳು, ಅಲುಗಾಟವನ್ನು ಗುರುತಿಸುವ ಸೆನ್ಸರ್ ಮತ್ತು ಪುಟ್ಟ ಸೈರನ್ ಇವೆ. ಮೊದಲ ಬಾರಿ ಅಲುಗಿಸಿದರೆ ಎಚ್ಚರಿಸುವಂತೆ ಮೆಲ್ಲನೆ ಕುಂಯ್‌ಗುಡುತ್ತದೆ, ಮತ್ತೆ ಎಳೆದಾಡಿದರೆ ಮಹಡಿಯ ನಾಲ್ಕೂ ಮನೆಗಳಿಗೆ ಕೇಳುವಂತೆ ಚೀರುತ್ತದೆ. ಹೊರಡುವ ಮುನ್ನ ಪರೀಕ್ಷಿಸಲೆಂದು ನಾನು ಜಗ್ಗಿದಾಗ, ಎದುರುಮನೆಯ ಮಾವುಶಿ (ಮರಾಠಿಯಲ್ಲಿ ಚಿಕ್ಕಮ್ಮ) ಹಿಟ್ಟು ಮೆತ್ತಿದ ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಓಡಿಬಂದಿದ್ದರು.

ಈ ಕಲ್ಪನೆ ಹೊಸದೇನಲ್ಲ. 1853ರಲ್ಲಿಯೇ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಗಸ್ಟಸ್ ರಸೆಲ್ ಪೋಪ್ ಎಂಬವರು, ಬಾಗಿಲು ಕಿಟಕಿಗಳಿಗೆ ತಂತಿ ಜೋಡಿಸಿ, ಅವು ತೆರೆದೊಡನೆ ವಿದ್ಯುತ್ ಹರಿದು ಕಾಂತದ ಕಂಪನದಿಂದ ಸುತ್ತಿಗೆಯೊಂದು ಗಂಟೆ ಬಾರಿಸುವ ಉಪಕರಣಕ್ಕೆ ಪೇಟೆಂಟ್ ಪಡೆದಿದ್ದರು. 1857ರಲ್ಲಿ ಎಡ್ವಿನ್ ಹೋಮ್ಸ್ ಆ ಹಕ್ಕನ್ನು ಕೊಂಡು ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದರು.

ಉಕ್ಕಿನ ಬೀಗ ತನ್ನ ಬಲದಿಂದಲೇ ಕಳ್ಳನನ್ನು ತಡೆಯುತ್ತದೆ, ಆದರೆ ಈ ಬೀಗದ ಕೂಗಿಗೆ ಓಗೊಡುವವರು ಯಾರಾದರೂ ಇರಲೇಬೇಕು ಎಂದು ನನಗೆ ಬಲವಾಗಿ ಅನ್ನಿಸಿದ್ದು, ನಾವಿಲ್ಲದಾಗ ಅದು ಒಮ್ಮೆ ಚೀರಿತೆಂದೂ, ವಿಳಾಸ ತಪ್ಪಿ ಬಂದ ಕೊರಿಯರ್ ಹುಡುಗ ಬೀಗ ಜಗ್ಗಿದ್ದನೆಂದೂ ಮಾವುಶಿ ಹೇಳಿದಾಗ. ಆ ಮಧ್ಯಾಹ್ನದ ಸೆಕೆಯಲ್ಲಿಯೂ ಅವರು ಎದ್ದು ಬಂದು ವಿಚಾರಿಸಿದ್ದರು. ಊರಿನಿಂದ ತಂದ ಹಲಸಿನ ಹಪ್ಪಳದ ಮೊದಲ ಕಟ್ಟನ್ನು ಇವತ್ತು ಬೆಳಿಗ್ಗೆ ಅವರಿಗೇ ಕೊಟ್ಟು ಬಂದೆ.