ಒಂದೇ ಡಿಎನ್‌ಎ, ನೂರೆಂಟು ಕೆಲಸ

ಸವಣೂರಿನಿಂದ ಕಾಕಾ ತಂದುಕೊಟ್ಟ ಎಲೆಬಳ್ಳಿಯ ತುಂಡನ್ನು ಧಾರವಾಡದ ನಮ್ಮ ಹಿತ್ತಲಲ್ಲಿ ಊರಿದ್ದೆ, ಈಗ ಗೆಣ್ಣಿನ ಹತ್ತಿರ ಬಿಳಿ ಬೇರು ಒಡೆದಿದೆ. ಕಾಂಡದೊಳಗೆ ಸುಮ್ನೆ ಇದ್ದ ಕೋಶಗಳು ಬೇರು ಕಟ್ಟೋಕೆ ನಿಂತಿವೆ, ಮಜಾ ಅಲ್ವಾ?

ಎಲೆಯ ಕೋಶಕ್ಕೂ ಬೇರಿನ ಕೋಶಕ್ಕೂ ಡಿಎನ್‌ಎ ಒಂದೇ. ಡಿಎನ್‌ಎಯಲ್ಲಿರೋ ಯಾವ ಜೀನ್ (ಅಂದ್ರೆ ಒಂದೊಂದು ಕೆಲಸದ ಸೂಚನೆ) ಆನ್, ಯಾವುದು ಆಫ್ ಅನ್ನೋದರ ಮೇಲೆ ಕೆಲಸ ಬೇರೆ ಆಗುತ್ತೆ. ಉದಾಹರಣೆಗೆ, ಎಲೆಯ ಅಡಿಭಾಗದಲ್ಲಿ ಎರಡೆರಡು ಕೋಶ ಜೋಡಿಯಾಗಿ ಇರುತ್ತವೆ, ನೀರು ತುಂಬಿದರೆ ಉಬ್ಬಿ ನಡುವಿನ ರಂಧ್ರ ತೆರೆಯುತ್ತವೆ, ನೀರು ಕಮ್ಮಿಯಾದರೆ ಮುಚ್ಚುತ್ತವೆ.

ನಮ್ಮ ಮೈಯಲ್ಲಿ ಕೆಲಸ ಬದಲಿಸೋದು ಇಷ್ಟು ಸಲೀಸಿಲ್ಲ. ಕೆಂಪು ರಕ್ತಕಣ ನೋಡಿ, ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಂಡು ಡಿಎನ್‌ಎ ಇರೋ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಡುತ್ತೆ, ಆಮೇಲೆ ಅದು ಒಡೆದು ಎರಡಾಗೋ ಮಾತೇ ಇಲ್ಲ, ಸುಮಾರು 120 ದಿನ ಆಮ್ಲಜನಕ ಹೊತ್ತು ಹೊತ್ತು ಮುಗಿದುಹೋಗುತ್ತೆ. ಬೆನ್ನಿನಿಂದ ಕಾಲಿನ ತುದಿವರೆಗೆ ಚಾಚಿದ ನರಕೋಶದ ಎಳೆಯಂತೂ ಹತ್ತಿರ ಹತ್ತಿರ 1 ಮೀಟರ್!

ಆದರೂ 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ ಬರೀ 4 ಜೀನ್ ಸೇರಿಸಿ ಇಲಿಯ ಚರ್ಮದ ಕೋಶಗಳನ್ನು ಮತ್ತೆ ಏನು ಬೇಕಾದರೂ ಆಗಬಲ್ಲ ಸ್ಥಿತಿಗೆ ತಂದರು. 2012ರಲ್ಲಿ ನೊಬೆಲ್ ಬಂತು, ಬರಲೇಬೇಕಿತ್ತು ಬಿಡಿ.