ಕಪ್ಪಾಗುವ ಮುನ್ನ ನೋಡಬೇಕು

ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕೆಲಸವನ್ನು ನೋಡುವುದಾದರೆ ಅದು ಕಪ್ಪಾಗುವ ಮುನ್ನ ನೋಡಬೇಕು. ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ ಹೂದಾನಿ, ಪಾನದಾನಿಗಳನ್ನು ನಮ್ಮ ಭಾಗದಲ್ಲಿ ನೋಡದವರಿಲ್ಲ. ಕಲಬುರಗಿಯಲ್ಲಿ ಯಾರಾದರೂ ನಿವೃತ್ತರಾದರೆ ಶಾಲು, ಹಾರದ ಜೊತೆಗೆ ಒಂದು ಬಿದ್ರಿ ಕಾಣಿಕೆ ಬರುವುದು ಹೊಸದೇನಲ್ಲ. ನಮ್ಮ ಶಾಲೆಯ ಗಾಜಿನ ಕಪಾಟಿನಲ್ಲೂ ಅಂಥವು ಇವೆ. ವರ್ಷಗಟ್ಟಲೆ ಅವುಗಳ ಮುಂದೆಯೇ ಓಡಾಡಿದ್ದೇನೆ. ಆದರೆ ಅವುಗಳ ಬೆಲೆ ನನಗೆ ತಿಳಿದದ್ದು ಬೀದರಿನ ಚೌಬಾರಾ ಹತ್ತಿರದ ಒಂದು ಕಾರ್ಯಾಗಾರದಲ್ಲಿ, ಬೆಳ್ಳಿ ಕೂರಿಸುವ ಕೆಲಸ ಪೂರ್ತಿ ಮುಗಿದು ಕಪ್ಪು ಮಾತ್ರ ಏರದಿದ್ದ ಹೂಜಿಯೊಂದನ್ನು ಕೈಗೆತ್ತಿಕೊಂಡಾಗ. ಅದರ ಮೇಲೆ ಚಿತ್ತಾರವೇ ಕಾಣುತ್ತಿರಲಿಲ್ಲ! ಲೋಹವೂ ಬಿಳಿ, ಬೆಳ್ಳಿಯೂ ಬಿಳಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಎಲೆಗಳ ಜಾಡು ಮಿಂಚಿ ಮರೆಯಾಗುತ್ತಿತ್ತು. ಅಷ್ಟು ದಿನಗಳ ದುಡಿಮೆ ಕಣ್ಣಿಗೆ ಕಾಣದೆ ಆ ಬಿಳಿ ಮೈಯೊಳಗೆ ಕುಳಿತಿತ್ತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಶುರುವಾದ ಮೇಲೆ ಹುಮನಾಬಾದ್ ಮಾರ್ಗವಾಗಿ ಆ 110 ಕಿಲೋಮೀಟರ್ ಪ್ರಯಾಣ ನನ್ನ ರಜೆಗಳ ಅಭ್ಯಾಸವಾಯಿತು. ಮೊದಲೆಲ್ಲ ಕೋಟೆ ನೋಡಿ, ಮಹಮೂದ್ ಗವಾನನ ಮದರಸಾ ಸುತ್ತಿ ಬರುತ್ತಿದ್ದೆ. ಈಗ ಕೋಟೆಗಿಂತ ಹೆಚ್ಚು ಹೊತ್ತು ಕಾರ್ಯಾಗಾರದ ನೆಲದ ಮೇಲೆ ಕಳೆಯುತ್ತೇನೆ.

ಅಲ್ಲಿ ನಾನು ಚಾಚಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಕೇಳಿದ್ದಕ್ಕೆ ಉತ್ತರ ಕೊಡುವುದಕ್ಕಿಂತ ಮಾಡಿ ತೋರಿಸುವುದೇ ಅವರಿಗೆ ಇಷ್ಟ. ಸತುವಿಗೆ ಸ್ವಲ್ಪವೇ ತಾಮ್ರ, ಸಾಮಾನ್ಯವಾಗಿ 16ಕ್ಕೆ 1 ಪಾಲಿನಂತೆ, ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಕಲಸಿದ ಮಣ್ಣಿನ ಅಚ್ಚಿಗೆ ಅದನ್ನು ಹೊಯ್ಯುತ್ತಾರೆ. ಅಚ್ಚಿನಿಂದ ಬಂದ ಒರಟು ಮೈಯನ್ನು ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ಸವರುತ್ತಾರೆ. ಬಿಳಿ ಲೋಹ ನೋಡನೋಡುತ್ತಲೇ ಕಪ್ಪಾಗುತ್ತದೆ. ಇದು ಉಳಿಯುವ ಕಪ್ಪಲ್ಲ, ಗೀಚಿದ ಗೆರೆ ಕಾಣಲೆಂದು ಬಳಿದ ಕಪ್ಪು. ಇದನ್ನು ಕಂಡಾಗ ನನಗೆ ಖುಷಿಯಿಂದ ಕೂಗಿಕೊಳ್ಳುವಂತಾಯಿತು. ಹತ್ತನೆಯ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುವ ಸ್ಥಾನಪಲ್ಲಟ ಕ್ರಿಯೆ ಇದೇ ಅಲ್ಲವೇ! ಸತು ಕರಗುತ್ತದೆ, ತಾಮ್ರ ಹೊರಬಂದು ಮೈಮೇಲೆ ಕೂರುತ್ತದೆ. ಮಕ್ಕಳಿಗೆ ಸಮೀಕರಣವಾಗಿ ಒಪ್ಪಿಸುತ್ತಿದ್ದುದು ಇಲ್ಲಿ ಹೂ ಬಿಡಿಸಲು ಹಲಗೆಯಾಗಿತ್ತು.

ಆ ಕಪ್ಪಿನ ಮೇಲೆ ಚಾಚಾ ಮೊನಚು ಕಡ್ಡಿಯಿಂದ ನೇರವಾಗಿ ಬಳ್ಳಿ ಬಿಡಿಸುತ್ತಾರೆ. ಮುಂದೆ ಕಾಗದವಿಲ್ಲ, ಅಚ್ಚಿಲ್ಲ. ಆಮೇಲೆ ಹೂಜಿಯನ್ನು ಅಲುಗದಂತೆ ರಾಳ ಮೇಣದಲ್ಲಿ ನಿಲ್ಲಿಸಿ, ಸಣ್ಣ ಉಳಿಗೆ ಸುತ್ತಿಗೆಯ ಮೆಲುಪೆಟ್ಟು ಕೊಡುತ್ತಾ ಗೆರೆಯುದ್ದಕ್ಕೂ ಕೊರೆಯುತ್ತಾರೆ. ಅವರ ಎಡಗೈ ಹೆಬ್ಬೆರಳು ಉಳಿಯ ಹಿಂದೆಯೇ ಸರಿಯುತ್ತಾ, ಸಿಡಿದ ಲೋಹದ ಪುಡಿಯನ್ನು ತಳ್ಳುತ್ತಾ ಹೋಗುತ್ತದೆ. ಕೊರೆದ ಗೆರೆಗೆ ಬೆಳ್ಳಿ ತಂತಿಯ ತುದಿ ಇಟ್ಟು ಒಂದು ಪೆಟ್ಟು, ತಂತಿಯನ್ನು ತಿರುವಿನಲ್ಲಿ ಬಾಗಿಸಿ ಇನ್ನೊಂದು ಪೆಟ್ಟು. ಗೆರೆ ಮುಗಿದಲ್ಲಿ ಉಳಿಯ ಅಂಚಿನಿಂದಲೇ ತಂತಿ ಕತ್ತರಿಸುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ಬೆಳ್ಳಿ ಮೆತ್ತಗಿರುವುದರಿಂದ ಪೆಟ್ಟಿಗೆ ಹರಡಿ ಗೆರೆಯ ಎರಡೂ ಗೋಡೆಗಳನ್ನು ಕಚ್ಚಿಕೊಳ್ಳುತ್ತದೆ. ತಂತಿಯ ಈ ಕೆಲಸಕ್ಕೆ ತಾರಕಶಿ ಎನ್ನುತ್ತಾರೆ.

ಆಮೇಲೆ ಮತ್ತೆ ಉಜ್ಜುತ್ತಾರೆ, ತಾತ್ಕಾಲಿಕ ಕಪ್ಪು ಅಳಿಸಿಹೋಗುತ್ತದೆ. ನಾನು ಮೊದಲು ಹೇಳಿದ, ಏನೂ ಕಾಣದ ಹೂಜಿ ಈ ಹಂತದ್ದು. ಕೊನೆಗೆ ಅದನ್ನು ಬಿಸಿ ಮಾಡಿ, ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕೋಟೆಯ ಮಣ್ಣನ್ನು ಕಲಸಿದ ದ್ರಾವಣಕ್ಕೆ ಒಡ್ಡುತ್ತಾರೆ. ಕೋಟೆಯ ಹಳೆಯ ಕಟ್ಟಡಗಳೊಳಗೆ ತಲೆಮಾರುಗಳಿಂದ ಬಿಸಿಲು, ಮಳೆ ಕಾಣದೆ ಬಿದ್ದ ಮಣ್ಣು ಅದು. ಒಂದು ಚಿಟಿಕೆಯನ್ನು ನಾಲಿಗೆಗೆ ಹಚ್ಚಿ ನೋಡಿಯೇ ಆರಿಸುತ್ತಾರೆ. ಸತುವಿನ ಮೈ ಗಾಢವಾಗಿ ಕಪ್ಪಾಗುತ್ತದೆ, ಸುಲಭಕ್ಕೆ ಯಾವುದಕ್ಕೂ ಜಗ್ಗದ ಬೆಳ್ಳಿ ಬಿಳಿಯಾಗಿಯೇ ನಿಲ್ಲುತ್ತದೆ. ಲೋಹಗಳ ಕ್ರಿಯಾಶೀಲತೆಯ ಸರಣಿಯಲ್ಲಿ ಸತು ಎಲ್ಲಿದೆ, ಬೆಳ್ಳಿ ಎಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ತೋರಿಸಬಲ್ಲರು? ಈಗ ಆ ಪಾಠವನ್ನು ನಾನು ಬಿದ್ರಿಯಿಂದಲೇ ಶುರು ಮಾಡುತ್ತೇನೆ.

2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮಗೆಲ್ಲ ಹಬ್ಬವೇ ಆಗಿತ್ತು. ಒಂದು ಹೂಜಿಯಲ್ಲಿ ಎರಕದವರು, ಅರ ಹಿಡಿಯುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು ಎಷ್ಟು ಕೈ ಕೂಡಿರುತ್ತವೆ ಎಂದು ಕಣ್ಣಾರೆ ಕಂಡ ಮೇಲೆ, ಬೆಲೆ ಕೇಳಿ ಚೌಕಾಸಿಗೆ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸತುವನ್ನು ಮನೆಯಲ್ಲಿ ಕರಗಿಸಲು ಯಾರೂ ಹೋಗಬೇಡಿ, ಅದರ ಹೊಗೆ ಒಳ್ಳೆಯದಲ್ಲ. ಬೀದರಿನಿಂದ ನಾನು ಮನೆಗೆ ತಂದದ್ದು ಒಂದು ರೂಢಿಯನ್ನು. ಯಾವ ಕೈಕೆಲಸ ಸಿಕ್ಕರೂ ಅದನ್ನು ಹಿಂದೆ ತಿರುಗಿಸಿ ನೋಡುತ್ತೇನೆ, ಅರ್ಧ ಆದದ್ದು ಇದ್ದರೆ ತೋರಿಸಿ ಎಂದು ಕೇಳುತ್ತೇನೆ. ಚಿಂಚೋಳಿ ಕಡೆಯ ಲಂಬಾಣಿ ತಾಂಡಾವೊಂದರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ತಮ್ಮ ಹಳೆಯ ಕಾಂಚಳಿ, ಅಂದರೆ ಕನ್ನಡಿ ಹೊಲಿದ ರವಿಕೆ, ತೋರಿಸಿದಾಗಲೂ ಹಾಗೇ ಕೇಳಿದೆ. ಅವರು ನಕ್ಕು, ಹೊಸ ಕನ್ನಡಿ ಬಿಲ್ಲೆಯೊಂದನ್ನು ತಂದು ನನ್ನೆದುರೇ ಹೊಲಿದರು. ಬಿಲ್ಲೆಗೆ ತೂತಿಲ್ಲ. ಮೊದಲು ಅದರ ಮೇಲೆ ದಾರವನ್ನು ಅಡ್ಡ ಉದ್ದ ಎಳೆದು ನಡುವೆ ಚೌಕಟ್ಟು ಕಟ್ಟಿದರು. ಆಮೇಲೆ ಸುತ್ತಲೂ ಹೊಲಿಯುತ್ತಾ, ಪ್ರತಿ ಹೊಲಿಗೆಯಲ್ಲೂ ಆ ಚೌಕಟ್ಟಿನ ದಾರವನ್ನು ಅಂಚಿನತ್ತ ಎಳೆದರು. ಎಳೆದಂತೆಲ್ಲ ಚೌಕ ಅಗಲವಾಗಿ ದುಂಡಗಾಯಿತು, ಕನ್ನಡಿ ಭದ್ರವಾಗಿ ಕುಳಿತಿತು. ಇಷ್ಟನ್ನು ಯಾರು ಬೇಕಾದರೂ ಮನೆಯಲ್ಲಿ ಕಲಿಯಬಹುದು. ನಾನು ಒಂದು ಬಟ್ಟೆಯ ಚೀಲಕ್ಕೆ ಹೊಲಿದಿದ್ದೇನೆ, ದಿನವೂ ಶಾಲೆಗೆ ಅದನ್ನೇ ಒಯ್ಯುತ್ತೇನೆ.

ಆದರೆ ನಾನು ಮನಸ್ಸಿಟ್ಟು ಕೂತಿರುವುದು ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಕೌದಿಗೆ. ನಮ್ಮ ತಂಗಿಯ ಮಗಳು ಬಾಣಂತನಕ್ಕೆ ಬಂದಾಗ, ತೊಟ್ಟಿಲಿಗೆ ಅಂಗಡಿಯ ಹಾಸಿಗೆ ಬೇಡ, ಕೌದಿಯೇ ಇರಲಿ ಎಂದೆ. ನಮ್ಮ ಓಣಿಯ ಆಯಿ ಈ ಕೆಲಸದಲ್ಲಿ ಪಳಗಿದವರು. “ಹೊಸ ಬಟ್ಟೆ ತರಬೇಡ, ಕೂಸಿನ ಮೈಗೆ ಚುಚ್ಚುತ್ತದೆ. ನಿಮ್ಮ ಅವ್ವ ಉಟ್ಟು ಹಳೆಯದಾದ ಸೀರೆ ಇದ್ದರೆ ತಾ” ಎಂದರು. ಅವ್ವನ ನೂಲಿನ ಸೀರೆಗಳು, ಅಪ್ಪನ ಒಂದು ಧೋತರ ಹೊರಬಂದವು. ಧೋತರ ನಡುವಿನ ಪದರಕ್ಕೆ, ಸೀರೆಗಳು ಮೇಲಕ್ಕೆ ಮತ್ತು ಕೆಳಕ್ಕೆ. ಆಯಿ ಅವನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಒಂದೂ ನಿರಿಗೆ ಉಳಿಯದಂತೆ ಸವರಿದರು. ಆಮೇಲೆ ನಾಲ್ಕು ಕಡೆ ಉದ್ದುದ್ದ ಟಾಕು ಹಾಕಿ ನನಗೆ ಸೂಜಿ ಕೊಟ್ಟರು.

ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬರಬೇಕು. ಗೆರೆ ಎಳೆದುಕೊಳ್ಳುವುದಿಲ್ಲ, ಹಿಂದಿನ ಸುತ್ತಿನ ಹೊಲಿಗೆಯೇ ಮುಂದಿನದಕ್ಕೆ ಅಳತೆ. ಎಡಗೈಯನ್ನು ಕೌದಿಯ ಕೆಳಗೆ ಇಟ್ಟುಕೊಂಡು, ಸೂಜಿಯ ಮೊನೆ ಬೆರಳಿಗೆ ತಾಗಿದೊಡನೆ ಮೇಲಕ್ಕೆ ತಿರುಗಿಸಬೇಕು. ಹಾಗೆ ಮಾಡಿದರೆ ಎಲ್ಲ ಪದರಗಳನ್ನೂ ಹಿಡಿದ ಖಾತರಿ. ಆಯಿಯ ಹೊಲಿಗೆ ಮೇಲೂ ಕೆಳಗೂ ಒಂದೇ ಅಳತೆಯದು, ಕೌದಿಯನ್ನು ಮಗುಚಿದರೂ ಯಾವುದು ಮೇಲ್ಮೈ ಎಂದು ಹೇಳಲಾಗದು. ಕೆಲವು ಸುತ್ತು ಮುಗಿಯುವಷ್ಟರಲ್ಲಿ ಸಪಾಟು ಬಟ್ಟೆ ಸಣ್ಣ ಸಣ್ಣ ಏರಿಳಿತ ಪಡೆದು, ಉಳುಮೆ ಮಾಡಿದ ಹೊಲದಂತೆ ಉಬ್ಬಿ ನಿಲ್ಲುತ್ತದೆ. ಈ ಏರಿಳಿತಗಳ ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ ಎಂದು ಆಯಿಗೆ ಹೇಳಿದೆ. “ಅದಕ್ಕೇ ಹೊಲಿಗೆ ತೀರಾ ಬಿಗಿ ಎಳೆಯಬೇಡ ಎನ್ನುವುದು” ಎಂದರು.

ಕನ್ನಡಿ ಹೊಲಿಯುವ ಆಸೆ ಇಲ್ಲೂ ಇತ್ತು. ಕೂಸಿನ ಕೌದಿಗೆ ಕನ್ನಡಿ ಕೂಡದು ಎಂದು ಆಯಿ ಖಡಾಖಂಡಿತವಾಗಿ ಹೇಳಿಬಿಟ್ಟರು. ಅದರ ಬದಲು ಮೂಲೆಗಳಿಗೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡುಗಳು ಬಂದವು.

ಈಗ ದೊಡ್ಡ ಕೌದಿಯೊಂದಕ್ಕೆ ಬಟ್ಟೆ ಕೂಡಿಸುತ್ತಿದ್ದೇನೆ. ಕಷ್ಟವೆಂದರೆ ನೂಲಿನ ಸೀರೆ ಸಿಗುವುದೇ ಅಪರೂಪ. ಸಿಂಥೆಟಿಕ್ ಸೀರೆ ಕೌದಿಗೆ ಆಗದು, ಪದರಗಳು ಒಂದರ ಮೇಲೊಂದು ನಿಲ್ಲದೆ ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಆದ್ದರಿಂದ ನೆಂಟರಿಗೆಲ್ಲ ಹೇಳಿಟ್ಟಿದ್ದೇನೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬಂದರೆ ನಮ್ಮ ವೈನಿ ಈಗ ಮೊದಲು ನನಗೆ ಫೋನ್ ಮಾಡುತ್ತಾರೆ. ಯಾವ ಸೀರೆ, ಯಾವ ಬಣ್ಣ ಎಂದು ನಾನು ಕೇಳಿ ಮುಗಿಸುವವರೆಗೂ ಪಾತ್ರೆಯವರು ಬಾಗಿಲಲ್ಲೇ ಕಾಯಬೇಕು.